35 ವರ್ಷ ಪೇಟಿ ನುಡಿಸಿದವರು ವೇದಿಕೆ ಯಾಕೆ ಬಿಡುತ್ತಾರೆ?

ನೀವು ಕೇಳಿದ್ದು ಇಷ್ಟು: "ಕೈ ಚೆನ್ನಾಗಿ ಓಡುತ್ತಿರುವಾಗಲೇ ಕೆಲವು ಹಿರಿಯ ಕಲಾವಿದರು ಕಾರ್ಯಕ್ರಮ ಕೊಡುವುದನ್ನು ನಿಲ್ಲಿಸುತ್ತಾರೆ. ವಯಸ್ಸಾ, ದುಡ್ಡಾ, ಬೇಸರವಾ?"

ನಾನು ಶಿರಸಿಯವನು. ಹಿಂದೂಸ್ತಾನಿ ಗಾಯನಕ್ಕೆ 35 ವರ್ಷ ಹಾರ್ಮೋನಿಯಂ ಸಾಥ್ ಕೊಟ್ಟಿದ್ದೇನೆ, ಅಂದರೆ ಹಾಡುವವರ ಜೊತೆ ನುಡಿಸಿದ್ದೇನೆ. ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ಈಗ 61. ಬೆರಳಿಗೆ ಏನೂ ಆಗಿಲ್ಲ. ಆದರೂ ಹೋದ ಮಳೆಗಾಲ ಮುಗಿದ ಮೇಲೆ ಹೊರಗಿನ ಒಂದು ಕಾರ್ಯಕ್ರಮವನ್ನೂ ಒಪ್ಪಿಕೊಂಡಿಲ್ಲ. ನನ್ನ ಕಾರಣ ಹೇಳುತ್ತೇನೆ.

ಕರಾವಳಿಯ ಒಂದು ಊರಿನಲ್ಲಿ ಕಾರ್ಯಕ್ರಮ ಇತ್ತು. ಆಮಂತ್ರಣದಲ್ಲಿ ಸಂಜೆ 6:30ಕ್ಕೆ ಗಾಯನ ಎಂದಿತ್ತು. ಸ್ವಾಗತ, ಪ್ರಾಸ್ತಾವಿಕ, ಭಾಷಣ, ಆಮೇಲೆ 11 ಜನರಿಗೆ ಸನ್ಮಾನ. ನಾವು ವೇದಿಕೆ ಹತ್ತಿದಾಗ 8:50. ಗಾಯಕಿ ಧಾರವಾಡದ ಕಡೆಯವರು, ನನಗಿಂತ ಹಿರಿಯರು. ಬಾಗೇಶ್ರೀ ರಾಗ ಎತ್ತಿಕೊಂಡರು, ವಿಲಂಬಿತ್ ಏಕತಾಲ, ಅಂದರೆ ನಿಧಾನ ಲಯದ 12 ಮಾತ್ರೆಯ ತಾಳ. ಮಧ್ಯಮ ಸ್ವರದ ಮೇಲೆ ಸುಮಾರು ಹೊತ್ತು ನಿಂತು, ಕೋಮಲ ಗಾಂಧಾರವನ್ನು ಮುಟ್ಟಿಯೂ ಮುಟ್ಟದ ಹಾಗೆ ಷಡ್ಜಕ್ಕೆ ಇಳಿಯುತ್ತಿದ್ದರು. ಬಾಗೇಶ್ರೀಯ ಜೀವ ಇರುವುದೇ ಆ ಇಳಿಯುವ ದಾರಿಯಲ್ಲಿ. ಅಲ್ಲಿ ಸಾಥ್ ಕೊಡುವವನು ಕೈ ತಡೆದುಕೊಳ್ಳಬೇಕು. ಪೇಟಿಯ ಸ್ವರ ಅವರಿಗಿಂತ ಮುಂದೆ ಹೋದರೆ ಎಲ್ಲ ಕೆಟ್ಟಿತು.

ಆಗ ಒಬ್ಬ ಹುಡುಗ ಬಗ್ಗಿ ಬಂದು ಪೇಟಿಯ ಮೇಲೆ ಒಂದು ಚೀಟಿ ಇಟ್ಟ. ನಾಲ್ಕು ಮಡಿಕೆಯ ಚೀಟಿ. ಫ್ಯಾನ್ ಗಾಳಿಗೆ ಅದು ಜಾರಿ ಕೀಗಳ ಮೇಲೆ ಬಿತ್ತು. ಬಿಡಿಸಿ ನೋಡಿದೆ. "10 ನಿಮಿಷದಲ್ಲಿ ಮುಗಿಸಿ. ಅತಿಥಿಗಳು ಹೊರಡಬೇಕು." ಗಾಯಕಿ ಕಣ್ಣು ಮುಚ್ಚಿದ್ದರು. ಅವರಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ. ಚೀಟಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅದರಿಂದ ಅವರಿಗೆ ಸಿಕ್ಕಿದ್ದು ಇನ್ನೊಂದು ಅರ್ಧ ಗಂಟೆ. ದ್ರುತ್, ಅಂದರೆ ವೇಗದ ಭಾಗ, ಶುರುವಾಗಿತ್ತು. ತಬಲಾದವರು ತಿಹಾಯಿ (ಮೂರು ಸಲ ನುಡಿಸುವ ಮುಕ್ತಾಯದ ತುಣುಕು) ಹಿಡಿದು ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವ ಮೊದಲೇ ಒಬ್ಬರು ಮೈಕ್ ಹಿಡಿದು ವಂದನಾರ್ಪಣೆ ಮಾಡಲು ನಿಂತರು.

ಗಾಯಕಿ ಸಿಟ್ಟಾಗಲಿಲ್ಲ. ಪೇಟಿಯ ಮೇಲೆ ಕೈಯಿಟ್ಟು "ಇರ್ಲಿ ಬಿಡ್ರಿ ಮಾಸ್ತರ, ಏನ್ ಮಾಡೂದೈತಿ" ಎಂದರು. ಆ ಮಾತು ನನಗೆ ಬಹಳ ತಾಗಿತು. ಅಷ್ಟು ದೊಡ್ಡವರು ಅದನ್ನು ರೂಢಿ ಮಾಡಿಕೊಂಡಿದ್ದರಲ್ಲ. ಅವತ್ತು ರಾತ್ರಿ ದೇವಿಮನೆ ಘಟ್ಟ ಹತ್ತಿ ಬರುವಾಗಲೇ ನಾನು ತೀರ್ಮಾನ ಮಾಡಿದೆ.

ಹಾರ್ಮೋನಿಯಂಗೆ ಅವಮಾನ ಹೊಸದಲ್ಲ. 1940ರಲ್ಲಿ ಆಕಾಶವಾಣಿ ಈ ವಾದ್ಯವನ್ನೇ ನಿಷೇಧಿಸಿತು. ನಿಷೇಧ ಸಡಿಲವಾಗಿದ್ದು 1971ರಲ್ಲಿ. ಇದರಲ್ಲಿ ಮೀಂಡ್ (ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು) ಬರುವುದಿಲ್ಲ, ನಮ್ಮ ಶ್ರುತಿಗಳು (ಸ್ವರಗಳ ನಡುವಿನ ಸೂಕ್ಷ್ಮ ಅಂತರಗಳು) ಸಿಗುವುದಿಲ್ಲ ಎನ್ನುವುದು ಅವರ ತಕರಾರು. ಅದರಲ್ಲಿ ಸತ್ಯವೂ ಇತ್ತು. ನಮ್ಮ ಗುರುಗಳ ಕಾಲದವರು ಅದಕ್ಕೆ ಉತ್ತರವನ್ನು ಬೆರಳಿನಲ್ಲೇ ಕೊಟ್ಟರು. ಗಾಯಕರ ಉಸಿರು ನೋಡಿ ಪೇಟಿಗೆ ಗಾಳಿ ತುಂಬುವ ತಿದಿ ಒತ್ತುವುದು ಕಲಿತರು, ಎಲ್ಲಿ ನುಡಿಸಬಾರದು ಎನ್ನುವುದನ್ನು ಕಲಿತರು. ಒಂದು ಮಾತು ಮಾತ್ರ ಒಪ್ಪಲೇಬೇಕು. ಅವತ್ತು ಬಾಗಿಲು ಹಾಕಿದವರು ಕಿವಿಗೊಟ್ಟು ಕೇಳಿ ಹಾಕಿದ್ದರು. ಜಗಳ ಸ್ವರದ ಬಗ್ಗೆ ಇತ್ತು. ಇವತ್ತು ನಮ್ಮನ್ನು ಕರೆದು ಹಾರ ಹಾಕುತ್ತಾರೆ, ಆದರೆ ಯಾರೂ ಕೇಳುವುದಿಲ್ಲ. ನನಗೆ ಆ ನಿಷೇಧಕ್ಕಿಂತ ಈ ಹಾರವೇ ಭಾರ.

ದುಡ್ಡಿನ ವಿಷಯ. ಸಾಥಿದಾರರ ಕವರ್ ಯಾವಾಗಲೂ ತೆಳ್ಳಗೇ. ಧ್ವನಿ, ಬೆಳಕಿನವರಿಗೆ ಮುಂಗಡ ಹೋಗುತ್ತದೆ, ನಮಗೆ "ಮುಂದಿನ ವಾರ ಹಾಕುತ್ತೇವೆ." ಹಾಕಿದವರೂ ಇದ್ದಾರೆ, ಮರೆತವರೂ ಇದ್ದಾರೆ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ ಇದೆ, ಹಾಗಾಗಿ ನನ್ನ ಸಂಸಾರ ನಡೆಯಿತು. ತೋಟ ಇಲ್ಲದವರ ಪಾಡು ನೆನೆದರೆ ಹೊಟ್ಟೆ ಉರಿಯುತ್ತದೆ.

ರೆಕಾರ್ಡಿಂಗ್ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಹೊಸಬರು ಇದನ್ನು ತಿಳಿದುಕೊಂಡಿರಲಿ. ಈಗ ಕೇಳದೆಯೇ ಕ್ಯಾಮೆರಾ ಇಡುತ್ತಾರೆ, ಲೈವ್ ಬಿಡುತ್ತಾರೆ. ಒಮ್ಮೆ ನನ್ನ ಶಿಷ್ಯ ನಮ್ಮದೇ ಒಂದು ಕಾರ್ಯಕ್ರಮದ 8 ನಿಮಿಷದ ತುಣುಕನ್ನು ತನ್ನ ಯೂಟ್ಯೂಬ್ ಪುಟಕ್ಕೆ ಹಾಕಿದ. ಅವನಿಗೆ ಕಾಪಿರೈಟ್ ನೋಟಿಸ್ ಬಂತು. ನೋಡಿದರೆ ಸಂಘಟಕರು ಪೂರ್ತಿ ವಿಡಿಯೋವನ್ನು ಯಾರಿಗೋ ಕೊಟ್ಟಿದ್ದರು. ಆ ವಿಡಿಯೋದಲ್ಲಿ ತಬಲಾದವರ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ನಾವು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ಕಾನೂನು ಹಾಗೆ ಹೇಳುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಬಂದಿದೆ. ಪ್ರದರ್ಶನ ಕೊಟ್ಟವರ ಒಪ್ಪಿಗೆ ಇಲ್ಲದೆ ಅದನ್ನು ರೆಕಾರ್ಡ್ ಮಾಡುವಂತಿಲ್ಲ, ಜನರಿಗೆ ಪ್ರಸಾರ ಮಾಡುವಂತಿಲ್ಲ. 38ಎ ಕಲಂ ನೋಡಿ. 38ಬಿ ಪ್ರಕಾರ, ಇದನ್ನು ನುಡಿಸಿದವನು ನಾನು ಎಂದು ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ. ಪ್ರದರ್ಶನ ನಡೆದ ಮುಂದಿನ ವರ್ಷದಿಂದ ಎಣಿಸಿ 50 ವರ್ಷ ಪ್ರದರ್ಶಕರ ಹಕ್ಕು ಇರುತ್ತದೆ. ಇದು ಹಾಡಿದವರಿಗೆ ಮಾತ್ರವಲ್ಲ, ಸಾಥ್ ಕೊಟ್ಟವರಿಗೂ ಇದೆ. ನಾನು ಇದನ್ನು ತಿಳಿದುಕೊಂಡಿದ್ದು ತಡವಾಗಿ. ನೀವು ಕಾರ್ಯಕ್ರಮ ಒಪ್ಪುವಾಗಲೇ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ: ರೆಕಾರ್ಡ್ ಮಾಡುತ್ತೀರಾ, ಎಲ್ಲಿ ಹಾಕುತ್ತೀರಾ, ಹೆಸರು ಹಾಕುತ್ತೀರಾ.

ಹಾಡು ಕೇಳಿಸುವ ಆ್ಯಪ್‌ಗಳಿಂದ ಆದಾಯ ಬರುವುದಿಲ್ಲವೇ ಎಂದು ಹುಡುಗರು ಕೇಳುತ್ತಾರೆ. ಸ್ಪಾಟಿಫೈ 2024ರಿಂದ ಒಂದು ನಿಯಮ ಮಾಡಿದೆ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸದ ಟ್ರ್ಯಾಕ್‌ಗೆ ರಾಯಲ್ಟಿಯೇ ಇಲ್ಲ. 40 ನಿಮಿಷ ರಾಗ ಬೆಳೆಸುವ ವಿಲಂಬಿತ್ ಖಯಾಲ್ ಗಾಯನ ಕೂಡ ಒಂದೇ ಟ್ರ್ಯಾಕ್, 3 ನಿಮಿಷದ ಹಾಡೂ ಒಂದೇ ಟ್ರ್ಯಾಕ್. ಲೆಕ್ಕ ನೀವೇ ಹಾಕಿ.

ಆದರೆ ನಾನು ನುಡಿಸುವುದನ್ನು ಬಿಟ್ಟಿಲ್ಲ, ಇದನ್ನು ಖಂಡಿತ ತಿಳಿದುಕೊಳ್ಳಿ. ನಮ್ಮ ಕಡೆ ಮಳೆ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಮರ ಊದಿಕೊಂಡು ಕೀ ಹಿಡಿದುಕೊಳ್ಳುತ್ತದೆ, ಸ್ವರ ಹೊರಡಿಸುವ ಹಿತ್ತಾಳೆ ಪಟ್ಟಿ, ಅಂದರೆ ರೀಡಿಗೆ, ಕಿಲುಬು ಬರುತ್ತದೆ. ಆಗ ಪೇಟಿ ಬಿಚ್ಚಿ ಕೂರುತ್ತೇನೆ. ರೀಡಿನ ತುದಿಯಲ್ಲಿ ಸ್ವಲ್ಪ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಒಂದೆರಡು ಸಲ ಕೆರೆಯುವುದು, ಮತ್ತೆ ಕೂರಿಸುವುದು, ತಂಬೂರಿಗೆ ಹೊಂದಿಸಿ ಕೇಳುವುದು. ಒಂದು ಗಾಂಧಾರಕ್ಕೆ ಇಡೀ ಬೆಳಗ್ಗೆ ಹೋದದ್ದೂ ಇದೆ. ಸುಮ್ನೆ ಹೇಳುತ್ತಿಲ್ಲ, ವೇದಿಕೆಯಲ್ಲಿ ಇತ್ತೀಚೆಗೆ ಸಿಗದ ಸುಖ ಅದರಲ್ಲಿದೆ.

ತಿಂಗಳಿಗೊಂದು ಸಲ ಮನೆಯ ಜಗಲಿಯಲ್ಲಿ ಬೈಠಕ್, ಅಂದರೆ ಹತ್ತಿರ ಕೂತು ಕೇಳುವ ಸಣ್ಣ ಕಚೇರಿ, ಮಾಡುತ್ತೇವೆ. ಮೈಕ್ ಇಲ್ಲ, ವಿಡಿಯೋ ಇಲ್ಲ, ಸನ್ಮಾನವಂತೂ ಇಲ್ಲವೇ ಇಲ್ಲ. ಬಂದವರು ಕವಳದ (ಎಲೆ ಅಡಿಕೆಯ) ತಟ್ಟೆಯ ಪಕ್ಕದ ಡಬ್ಬಿಗೆ ಕೈಲಾದಷ್ಟು ಹಾಕುತ್ತಾರೆ, ಅದಷ್ಟೂ ಅವತ್ತು ಹಾಡಿದವರಿಗೆ, ತಬಲಾದವರಿಗೆ. ಹೋದ ತಿಂಗಳು 20 ಜನ ಇದ್ದರು. ನನ್ನ ಚೀಟಿಯ ಕಥೆ ಕೇಳಿ ಆ ಗಾಯಕಿ ತಾವಾಗಿಯೇ ಬಸ್ ಹತ್ತಿ ಬಂದಿದ್ದರು. ಅದೇ ಬಾಗೇಶ್ರೀ ಎತ್ತಿಕೊಂಡರು. ಮುಗಿದಾಗ ಎಷ್ಟು ಗಂಟೆಯಾಗಿತ್ತು ಎಂದು ಯಾರೂ ನೋಡಲಿಲ್ಲ. ಹೊರಗೆ ಅಂಗಳದಲ್ಲಿ ಇಬ್ಬನಿ ಬಿದ್ದು ಚಪ್ಪಲಿಗಳೆಲ್ಲ ಒದ್ದೆಯಾಗಿದ್ದವು.