ರಾಬಿನ್ ಹುಡ್ಸ್ ಬೇಯಲ್ಲಿ ಅಪ್ಪ-ಅಮ್ಮನ ಜೊತೆ ಎರಡು ರಾತ್ರಿ: ಕಡಲು ಕಾಣುವ ರೂಮೇ ಬೇಕಾ?

ಊರಿಂದ ಬರುವ ಅಪ್ಪ-ಅಮ್ಮನಿಗೆ ಕಿಟಕಿಯಿಂದಲೇ ಸೂರ್ಯ ಕಡಲಲ್ಲಿ ಮುಳುಗುವುದು ಕಾಣಬೇಕು, ಅಂಥ ಬೆಡ್ ಅಂಡ್ ಬ್ರೇಕ್‌ಫಾಸ್ಟ್ (ಒಬ್ಬರ ಮನೆಯಲ್ಲೇ ರೂಮು, ಬೆಳಗಿನ ತಿಂಡಿ ಕೊಡುವ ಜಾಗ) ಯಾವುದು, ರೈಸ್ ಕುಕ್ಕರ್ ಒಯ್ಯಬಹುದಾ ಅಂತ ಕೇಳಿದ್ದೀರಿ.

ಮೊದಲು ಸೂರ್ಯನ ವಿಷಯ ಮುಗಿಸಿಬಿಡುತ್ತೇನೆ. ಅದು ಇಂಗ್ಲೆಂಡಿನ ಪೂರ್ವ ತೀರ. ಸೂರ್ಯ ಕಡಲಿಂದ ಏಳುತ್ತಾನೆ, ಮುಳುಗುವುದು ಬೆನ್ನ ಹಿಂದೆ, ಗುಡ್ಡದ ಆಚೆ. ಮಲ್ಪೆ, ಗೋಕರ್ಣ ನೋಡಿ ಬೆಳೆದ ನಮಗೆ ಕಡಲು ಅಂದರೆ ಸೂರ್ಯಾಸ್ತ. ನಾನೂ ಹಾಗೇ ಅಂದುಕೊಂಡು ಹೋದವನು. ಜೂನ್‌ನಲ್ಲಿ ಸೂರ್ಯೋದಯ ನೋಡಬೇಕಾದರೆ ಬೆಳಗಿನ ಜಾವ 4.30ಕ್ಕೆ ಏಳಬೇಕು. ನಿಮ್ಮಪ್ಪ ಏಳುತ್ತಾರೆ. ನೀವು ಏಳಲ್ಲ.

ಈಗ ನನ್ನ ಕಥೆ. ಅಪ್ಪ-ಅಮ್ಮ ತುಮಕೂರಿಂದ ಮೊದಲ ಸಲ ಬಂದಿದ್ದರು. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಿಂದ ಲೀಡ್ಸ್‌ನ ಮನೆಗೂ ಹೋಗದೆ ನೇರ ಅಲ್ಲಿಗೇ ಕರೆದುಕೊಂಡು ಹೋದೆ. ಸರ್ಪ್ರೈಸ್ ಕೊಡುವ ಹುಚ್ಚು. ಕಾರಿನ ಹಿಂದೆ 23 ಕೆಜಿಯ ಎರಡು ಸೂಟ್‌ಕೇಸ್. ಒಳಗೆ ಹುರಳಿಕಾಳು, ಚಟ್ನಿಪುಡಿ, ಉಪ್ಪಿನಕಾಯಿ, ಒಂದು ಇಡ್ಲಿ ತಟ್ಟೆ ಕೂಡ.

ರಾಬಿನ್ ಹುಡ್ಸ್ ಬೇ ಅಂದರೆ ಎರಡು ಊರು. ಮೇಲಿನದು ಸಪಾಟು ಜಾಗ. 1885ರಲ್ಲಿ ರೈಲು ಬಂದ ಮೇಲೆ ಬೆಳೆದದ್ದು. 1965ರಲ್ಲಿ ರೈಲು ನಿಂತುಹೋಯಿತು, ಸ್ಟೇಷನ್ ಜಾಗದಲ್ಲಿ ಈಗ ಕಾರ್ ಪಾರ್ಕಿಂಗ್. ಕೆಳಗಿನದು ಹಳೆಯ ಮೀನುಗಾರರ ಊರು. ನೀವು ಫೋಟೊದಲ್ಲಿ ನೋಡಿರೋದು ಅದೇ. ಕೆಂಪು ಹೆಂಚು, ಒಂದರ ತಲೆ ಮೇಲೆ ಒಂದು ಕೂತಂಥ ಮನೆಗಳು, ಕೊನೆಯಲ್ಲಿ ಕಡಲು. ಎರಡರ ಮಧ್ಯೆ ಒಂದು ಇಳಿಜಾರು ರಸ್ತೆ. ಮೂರಡಿ ಮುಂದೆ ಹೋದರೆ ಒಂದಡಿ ಕೆಳಗೆ ಇಳಿಯುವಷ್ಟು ಕಡಿದಾದದ್ದು. ಹೊರಗಿನವರ ಕಾರು ಕೆಳಗೆ ಬಿಡಲ್ಲ. ಮೇಲೆ ನಿಲ್ಲಿಸಿ ನಡೆಯಬೇಕು.

ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಕೆಳಗಿನ ಊರಲ್ಲಿ ರೂಮ್ ಮಾಡಿದ್ದಲ್ಲ. ಮ್ಯಾಪ್ ನಂಬಿದ್ದು. ಪಾರ್ಕಿಂಗ್‌ನಿಂದ ಮನೆಗೆ ಕೆಲವೇ ನೂರು ಮೀಟರ್ ಅಂತ ತೋರಿಸಿತು. ನಮ್ಮ ಮನೆಯಿಂದ ಹಾಲಿನ ಬೂತಿನಷ್ಟು ದೂರ ಅಂದುಕೊಂಡೆ. ಮ್ಯಾಪಿಗೆ ಉದ್ದ ಗೊತ್ತು, ಅಮ್ಮನ ಮಂಡಿ ಗೊತ್ತಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಮನೆಯ ಯಜಮಾನಿ ಬುಕಿಂಗ್ ಆದ ದಿನವೇ ಮೇಲ್ ಕಳಿಸಿದ್ದರು. ಅದರಲ್ಲಿ ಎಲ್ಲಾ ಇತ್ತು. ಕಾರು ಎಲ್ಲಿ ನಿಲ್ಲಿಸಬೇಕು, ಓಣಿಯಲ್ಲಿ ಎಷ್ಟು ಮೆಟ್ಟಿಲು, ಚಿಕ್ಕ ಬ್ಯಾಗ್ ತನ್ನಿ, ನಡೆಯಲು ಕಷ್ಟ ಇರುವವರಿದ್ದರೆ ಬರುವ ಮೊದಲು ಫೋನ್ ಮಾಡಿ. ನಾನು ದುಡ್ಡು ಎಷ್ಟು ಅಂತ ನೋಡಿ ಮುಚ್ಚಿಟ್ಟೆ. ಆ ಕೊನೆಯ ಸಾಲನ್ನು ಲೀಡ್ಸ್‌ಗೆ ವಾಪಸ್ ಬಂದ ಮೇಲೆ ಓದಿದೆ. ಓದಿ ಅಮ್ಮನಿಗೆ ಹೇಳಲೂ ಇಲ್ಲ.

ಇಳಿಯುವಾಗ ಅಮ್ಮ ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಅಡ್ಡಡ್ಡವಾಗಿ ಇಳಿದರು. ಅಪ್ಪ ಮುಂದೆ. ನಾನು ಎರಡು ಸೂಟ್‌ಕೇಸ್ ಎಳೆಯುತ್ತಿದ್ದೆ ಅನ್ನೋದಕ್ಕಿಂತ ಅವೇ ನನ್ನನ್ನು ಎಳೆಯುತ್ತಿದ್ದವು. ಅರ್ಧ ದಾರಿಯಲ್ಲಿ ಒಂದರ ಚಕ್ರ ಕಿತ್ತು ಕೆಳಕ್ಕೆ ಉರುಳಿತು. ಆ ಊರು ಕಳ್ಳಸಾಗಣೆಗೆ ಹೆಸರಾದದ್ದು. ರೇಷ್ಮೆಯ ಗಂಟು ಕಡಲ ದಂಡೆಯಿಂದ ಬೆಟ್ಟದ ತುದಿಗೆ ಮನೆಯಿಂದ ಮನೆಗೆ ದಾಟಿ, ಹಗಲ ಬೆಳಕು ಕಾಣದೆ ಹೋಗುತ್ತಿತ್ತಂತೆ. ನಮ್ಮ ಹುರಳಿಕಾಳು ಮಾತ್ರ ಇಡೀ ಊರು ನೋಡುವ ಹಾಗೆ ಹೋಯಿತು.

ಮನೆ ಒಳಗಿನ ಮೆಟ್ಟಿಲು ಇನ್ನೂ ಇಕ್ಕಟ್ಟು. ಅಲ್ಲಿನ ಕೆಲವು ಮನೆಗಳಲ್ಲಿ ಬಾಗಿಲ ಮೇಲೊಂದು ಪುಟ್ಟ ಕಿಟಕಿ ಇರುತ್ತದೆ. ಶವಪೆಟ್ಟಿಗೆ ಮೆಟ್ಟಿಲಲ್ಲಿ ತಿರುಗುವುದಿಲ್ಲ ಅಂತ ಅಲ್ಲಿಂದ ಇಳಿಸುತ್ತಿದ್ದರಂತೆ. ಅಪ್ಪ ಇದನ್ನು ಅಮ್ಮನಿಗೆ ಹೇಳಬೇಡ ಅಂದರು.

ಮಾರನೇ ದಿನ ಅಮ್ಮನ ಮಂಡಿ ಊದಿಕೊಂಡಿತ್ತು. ಹತ್ತಿರದ ವಿಟ್ಬಿ ಊರಿಗೆ ಹೋಗುವುದು, ಬೀಚಲ್ಲಿ ಬಾಗಲ್ ಹೋಲ್ ಅನ್ನೋ ಪುಟ್ಟ ಕೊಲ್ಲಿಯವರೆಗೆ ನಡೆಯುವುದು, ಎಲ್ಲಾ ಕೈಬಿಟ್ಟೆವು. ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಅಂದರೆ ಹಾಸಿಗೆ, ಬೆಳಗಿನ ತಿಂಡಿ, ಅಷ್ಟೇ. ಹಗಲು ಹೊತ್ತು ಹೊರಗೆ ಹೋಗಿ ಬರುತ್ತೀರಿ ಅನ್ನೋದು ಲೆಕ್ಕ. ಆ ಯಜಮಾನಿ ಹಾಗೆ ಮಾಡಲಿಲ್ಲ. ಬಿಸಿನೀರಿನ ಚೀಲ ತಂದುಕೊಟ್ಟು ಅಮ್ಮನನ್ನು ತಮ್ಮ ಅಡುಗೆಮನೆಯಲ್ಲೇ ಕೂರಿಸಿಕೊಂಡರು. ತಿಂಡಿಗೆ ಬೇಕನ್, ಸಾಸೇಜ್, ರಕ್ತದಿಂದ ಮಾಡುವ ಬ್ಲ್ಯಾಕ್ ಪುಡಿಂಗ್ ಬಿಟ್ಟು ಏನು ತಿನ್ನುತ್ತೀರಿ ಅಂತ ಕೇಳಿದರು. ಓಟ್ಸ್ ಗಂಜಿ ಮಾಡಿದರು. ಅಮ್ಮ ಸಕ್ಕರೆ ಸರಿಸಿ, ಉಪ್ಪು, ಮೊಸರು ಹಾಕಿ, ಪಕ್ಕದಲ್ಲಿ ನಮ್ಮ ನಿಂಬೆ ಉಪ್ಪಿನಕಾಯಿ ಇಟ್ಟುಕೊಂಡು ತಿಂದರು. ಯಜಮಾನಿ ಒಂದು ಚೂರು ಉಪ್ಪಿನಕಾಯಿ ಬಾಯಿಗಿಟ್ಟು ಎರಡು ಲೋಟ ನೀರು ಕುಡಿದರು. ಯಾರ್ಕ್‌ಷೈರ್‌ನವರು ಮಾತಿಗೆ ಮುಂಚೆ ಎಲ್ಲರನ್ನೂ ‘ಲವ್’ ಅಂತಾರೆ. ಅಪ್ಪ ಮೊದಲ ಸಲ ಬೆಚ್ಚಿಬಿದ್ದರು, ಎರಡನೇ ದಿನ ಕಾಯುತ್ತಿದ್ದರು.

ಅಪ್ಪ ಮಧ್ಯಾಹ್ನವೆಲ್ಲ ಕೆಳಗೆ ನೀರಿನ ಹತ್ತಿರ ಕೂತಿದ್ದರು. ಕೋಸ್ಟ್ ಟು ಕೋಸ್ಟ್ ನಡಿಗೆ ಅಲ್ಲೇ ಮುಗಿಯುತ್ತದೆ. ಪಶ್ಚಿಮ ತೀರದ ಸೇಂಟ್ ಬೀಸ್‌ನಿಂದ ಸುಮಾರು 300 ಕಿಲೋಮೀಟರ್. ಅಲ್ಲಿಂದ ಒಂದು ಕಲ್ಲು ತಂದು ಇಲ್ಲಿನ ಕಡಲಿಗೆ ಹಾಕಿ, ಬೂಟು ನೆನೆಸಿಕೊಳ್ಳುತ್ತಾರೆ. ಧರ್ಮಸ್ಥಳದ ಪಾದಯಾತ್ರೆ ಮಾಡಿದ ಅಪ್ಪನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಬಂದವರಿಗೆಲ್ಲ ಕೈಮುಗಿದರಂತೆ.

ಹೊರಡುವ ದಿನ ಯಜಮಾನಿ ತಮ್ಮ ಕಾರಲ್ಲಿ ಅಮ್ಮನನ್ನೂ ಸೂಟ್‌ಕೇಸನ್ನೂ ಮೇಲಕ್ಕೆ ಬಿಟ್ಟುಕೊಟ್ಟರು. ಅಲ್ಲೇ ಇರುವವರ ಗಾಡಿ ಹೋಗಬಹುದು. ಬರುವ ದಿನವೂ ಬರುತ್ತಿದ್ದೆ, ಒಂದು ಫೋನ್ ಮಾಡಬಾರದಿತ್ತಾ ಅಂದರು.

ಅದಕ್ಕೇ ಹೇಳೋದು, ಕಡಲು ಕಾಣುವ ರೂಮ್ ಹುಡುಕಬೇಡಿ. ಕಡಲು ಎಲ್ಲಿಂದಲೂ ಕಾಣುತ್ತದೆ, ಮಂಡಿ ಒಂದೇ ಜೊತೆ. ಮೇಲಿನ ಊರಲ್ಲಿ, ನೆಲಮಹಡಿಯಲ್ಲಿ ಏನಿದೆ ಅಂತ ಕೇಳಿ. ವಿಟ್ಬಿಯಿಂದ ಬರುವ ಬಸ್ಸೂ ಅಲ್ಲೇ ನಿಲ್ಲುತ್ತದೆ. ಮೇಲ್ ಮಾಡಬೇಡಿ, ಫೋನ್ ಮಾಡಿ. ಎಷ್ಟು ಗಂಟೆಗೆ ಬರುತ್ತೀರಿ ಅಂತಲೂ ಹೇಳಿ, ಅಲ್ಲಿ ರಾತ್ರಿಯೆಲ್ಲ ಕೂರುವ ರಿಸೆಪ್ಷನ್ ಇಲ್ಲ, ಅದು ಒಬ್ಬರ ಮನೆ. ಬೀಚಿಗೆ ಇಳಿಯುವ ಮುಂಚೆ ಉಬ್ಬರದ ಸಮಯ ನೋಡಿ. ನೀರು ಏರಿದರೆ ಬಂಡೆಗೂ ಕಡಲಿಗೂ ನಡುವೆ ದಾರಿಯೇ ಇರಲ್ಲ. ಹೋಟೆಲ್ ವಾಸಿಯಾ ಅಂದರೆ, ಹೋಟೆಲಲ್ಲಿ ನಮ್ಮಮ್ಮನಿಗೆ ಗಂಜಿ ಯಾರು ಮಾಡಿಕೊಡುತ್ತಿದ್ದರು?

ರೈಸ್ ಕುಕ್ಕರ್ ಮನೇಲೇ ಬಿಡಿ. ರೂಮಲ್ಲಿ ಅಡುಗೆ ಮಾಡಲು ಬಿಡಲ್ಲ. ಉಪ್ಪಿನಕಾಯಿ ತಗೊಂಡು ಹೋಗಿ.