‘ಮುಂದಿನ ಸೀಸನ್ ನೋಡೋಣ’ ಅಂದರೆ ಯಾವ ಸೀಸನ್?

ಪ್ರಶ್ನೆ: ಅಕ್ಕಾ, ನನಗೆ 29. ಊರು ದಾವಣಗೆರೆ. ಅಮೆರಿಕದಲ್ಲಿ ಎಂಎಸ್ ಮುಗಿಸಿ ನಾಲ್ಕು ವರ್ಷದಿಂದ ಒಂದು ಬೇಸ್‌ಬಾಲ್ ಕ್ಲಬ್ಬಿನಲ್ಲಿ ಡೇಟಾ ಅನಲಿಸ್ಟ್ ಆಗಿದ್ದೇನೆ, ಎಚ್-1ಬಿ ವೀಸಾ. ಎರಡು ವರ್ಷದಿಂದ ಬಾಸ್ ‘ಮುಂದಿನ ಸೀಸನ್‌ಗೆ ನೀನೇ ಲೀಡ್’ ಅನ್ನುತ್ತಿದ್ದರು. ಈಗ ನನಗಿಂತ ಅನುಭವ ಕಡಿಮೆ ಇರುವ ಒಬ್ಬನನ್ನು ಹೊರಗಿನಿಂದ ತಂದು ನನ್ನ ಮೇಲೆ ಕೂರಿಸಿದ್ದಾರೆ. ಅವನು ಕಾಲೇಜಿನಲ್ಲಿ ಬೇಸ್‌ಬಾಲ್ ಆಡಿದ್ದನಂತೆ. ಹೋದ ವಾರ ಪಿಚರ್‌ಗಳ (ಚೆಂಡು ಎಸೆಯುವವರ) ಬಗ್ಗೆ ನಾನು ಮಾಡಿದ ರಿಪೋರ್ಟನ್ನು ಮೀಟಿಂಗಿನಲ್ಲಿ ಅವನೇ ಓದಿದ. ನನ್ನ ಹೆಸರಿದ್ದ ಮೊದಲ ಪುಟವೇ ಇರಲಿಲ್ಲ. ಒಂದು ಸಾಫ್ಟ್‌ವೇರ್ ಕಂಪನಿ ಹೆಚ್ಚುಕಮ್ಮಿ ಎರಡು ಪಟ್ಟು ಸಂಬಳಕ್ಕೆ ಕರೆದಿದೆ. ‘ಚಿನ್ನಿದಾಂಡು ಆಟಕ್ಕೆ ಅಷ್ಟು ಓದಬೇಕಿತ್ತಾ’ ಅಂತ ಅಮ್ಮನ ವರಾತ. ನನಗೆ ಈ ಕೆಲಸ ಇಷ್ಟ. ಕಾಯಲಾ, ಬಿಡಲಾ?

ಉತ್ತರ: ಅಕ್ಕ ಅಂದಿದ್ದೀಯಲ್ಲ, ನಾನೂ ನೀನು ಅಂತಲೇ ಬರೆಯುತ್ತೇನೆ.

ಆ ಮೊದಲ ಪುಟದ ಸಾಲು ಓದಿ ನನಗೇ ಮೈ ಉರಿಯಿತು. ಹೆಸರು ಮರೆಯಾದರೆ ಹೆಂಗಸಿನ ಕೆಲಸ ಚೆನ್ನಾಗಿ ಕಾಣುವುದು ಈ ಆಟದಲ್ಲಿ ಹೊಸದೇನಲ್ಲ. ರೇಚಲ್ ಬಾಲ್ಕೊವೆಕ್ ಕ್ಲಬ್ಬುಗಳಿಗೆ ಅರ್ಜಿ ಹಾಕಿ ಹಾಕಿ ಸುಸ್ತಾಗಿ, ಕೊನೆಗೆ ಹೆಣ್ಣೋ ಗಂಡೋ ತಿಳಿಯದ ಹಾಗೆ ಹೆಸರನ್ನು ‘ರೇ’ ಅಂತ ಮೊಟಕು ಮಾಡಿದ ಮೇಲೆ ಫೋನ್ ಬರಲು ಶುರುವಾಯಿತು. 2022ರಲ್ಲಿ ಅದೇ ಹೆಂಗಸು ಯಾಂಕೀಸ್‌ನ ಕೆಳಹಂತದ ತಂಡ ಟ್ಯಾಂಪಾ ಟಾರ್ಪನ್ಸ್‌ಗೆ ಮ್ಯಾನೇಜರ್, ಅಂದರೆ ಮುಖ್ಯ ಕೋಚ್.

ಇನ್ನು ಕಾಯುವ ವಿಷಯ. ಕಿಮ್ ಆ್ಯಂಗ್ ಕಥೆ ನಿನಗೆ ಗೊತ್ತಿರುತ್ತೆ, ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. 1990ರಲ್ಲಿ ಷಿಕಾಗೊ ವೈಟ್ ಸಾಕ್ಸ್‌ನಲ್ಲಿ ಇಂಟರ್ನ್ ಆಗಿ ಸೇರಿದವರು. 1995ರಲ್ಲಿ ಒಬ್ಬ ಪಿಚರ್‌ನ ಸಂಬಳದ ತಕರಾರು ಪಂಚಾಯ್ತಿಗೆ ಹೋದಾಗ ಕ್ಲಬ್ಬಿನ ಪರ ವಾದ ಮಾಡಿ ಗೆದ್ದರು. 29ಕ್ಕೆ, ಅಂದರೆ ನಿನ್ನ ವಯಸ್ಸಿಗೆ, ನ್ಯೂಯಾರ್ಕ್ ಯಾಂಕೀಸ್‌ನ ಸಹಾಯಕ ಜನರಲ್ ಮ್ಯಾನೇಜರ್ (ತಂಡಕ್ಕೆ ಯಾರನ್ನು ತರಬೇಕು, ಬಿಡಬೇಕು ಅಂತ ನೋಡುವವರು ಜನರಲ್ ಮ್ಯಾನೇಜರ್). 2005ರಲ್ಲಿ ಲಾಸ್ ಏಂಜಲಿಸ್‌ನ ಡಾಡ್ಜರ್ಸ್‌ನವರು ಜನರಲ್ ಮ್ಯಾನೇಜರ್ ಹುದ್ದೆಗೆ ಇಂಟರ್‌ವ್ಯೂ ಮಾಡಿದರು, ಕೊಡಲಿಲ್ಲ. ಆಮೇಲೆ ಬೇರೆ ಕ್ಲಬ್ಬುಗಳೂ ಕರೆದು, ಕೂರಿಸಿ, ಮಾತಾಡಿಸಿ ಕಳಿಸಿದವು. ಮಯಾಮಿ ಮಾರ್ಲಿನ್ಸ್ ಆ ಕುರ್ಚಿ ಕೊಟ್ಟಿದ್ದು 2020ರ ನವೆಂಬರಿನಲ್ಲಿ. ಆಗ ಅವರಿಗೆ 51. ಬೇಸ್‌ಬಾಲಿನ ಅತಿ ಮೇಲಿನ ಹಂತವಾದ ಮೇಜರ್ ಲೀಗಿನಲ್ಲಿ ಹೆಂಗಸೊಬ್ಬರು ಆ ಹುದ್ದೆಗೆ ಬಂದಿದ್ದು ಅದೇ ಮೊದಲು.

ಇದನ್ನು ತೋರಿಸಿ ‘ತಾಳಿದವನು ಬಾಳಿಯಾನು’ ಅಂತ ಹೇಳುವವರು ನಿನಗೆ ಬೇಕಾದಷ್ಟು ಸಿಗುತ್ತಾರೆ. ನಾನು ಹೇಳುವುದಿಲ್ಲ. ಆ 30 ವರ್ಷ ಆಕೆ ಒಂದೇ ಬಾಗಿಲ ಮುಂದೆ ನಿಂತಿರಲಿಲ್ಲ ನೋಡು. ಷಿಕಾಗೊ ಬಿಟ್ಟು ನ್ಯೂಯಾರ್ಕ್, ಅಲ್ಲಿಂದ ಲಾಸ್ ಏಂಜಲಿಸ್, ಮಧ್ಯೆ ಲೀಗಿನ ಕಚೇರಿ ಅಂತ ನಡೆಯುತ್ತಲೇ ಇದ್ದರು. ಪಾಪ, ಪ್ಯಾಮ್ ಪಾಸ್ಟೆಮಾಗೆ ಆ ದಾರಿಯೇ ಇರಲಿಲ್ಲ. ಅಂಪೈರ್ ಆಗಿ ಕೆಳಗಿನ ಲೀಗುಗಳಲ್ಲಿ 13 ವರ್ಷ ದುಡಿದರು, 1989ರಲ್ಲಿ ತೆಗೆದುಹಾಕಿದರು. ಅಂಪೈರ್‌ಗೆ ಹೋಗಲು ಇನ್ನೊಂದು ಕ್ಲಬ್ಬು ಎಲ್ಲಿದೆ? ಮೇಜರ್ ಲೀಗಿನ ಸೀಸನ್ ಪಂದ್ಯಕ್ಕೆ ಒಬ್ಬ ಹೆಂಗಸು, ಜೆನ್ ಪಾವಲ್, ಅಂಪೈರ್ ಆಗಿ ನಿಂತಾಗ 2025ರ ಆಗಸ್ಟ್ ಬಂದಿತ್ತು.

ನಿನಗೆ ಮಾತ್ರ ಮೇಜರ್ ಲೀಗಿನಲ್ಲೇ 30 ಕ್ಲಬ್ಬುಗಳಿವೆ. ನೀನು ‘ಈ ಬಾಸಾ, ಆ ಕಂಪನಿಯಾ’ ಅಂತ ಎರಡೇ ಲೆಕ್ಕ ಹಾಕುತ್ತಿದ್ದೀಯ. ಉಳಿದವರಿಗೆ ಇನ್ನೂ ಒಂದು ಮೇಲ್ ಕೂಡ ಹಾಕಿಲ್ಲ ಅಂತ ನನ್ನ ಗುಮಾನಿ.

ಮೊದಲು ಬಾಸ್ ಹತ್ತಿರ ಹೋಗು. ‘ನನಗೆ ಲೀಡ್ ಯಾವಾಗ, ಯಾರು ತೀರ್ಮಾನ ಮಾಡುತ್ತಾರೆ, ರಿಪೋರ್ಟಿನ ಮೇಲೆ ನನ್ನ ಹೆಸರು ಯಾಕಿರಲಿಲ್ಲ’ ಅಂತ ಕೇಳು, ಅಳಬೇಡ, ನಗಬೇಡ. ಅದೇ ಸಂಜೆ ‘ನೀವು ಹೀಗೆ ಹೇಳಿದಿರಿ, ನಾನು ಸರಿಯಾಗಿ ಕೇಳಿಸಿಕೊಂಡೆನಾ’ ಅಂತ ಮೇಲ್ ಹಾಕು. ತಾರೀಕು ಇಲ್ಲದ ಉತ್ತರ ಬಂದರೆ ಅದನ್ನು ‘ಇಲ್ಲ’ ಅಂತಲೇ ಓದಿಕೋ. ನಾನೂ ಕೆಲಸದಲ್ಲಿದ್ದಾಗ ‘ಮುಂದಿನ ಲಿಸ್ಟಿನಲ್ಲಿ ನಿಮ್ಮದೇ ಹೆಸರು ಮೇಡಂ’ ಅನ್ನೋ ಮಾತು ನಂಬಿ ಮೂರು ವರ್ಷ ಕೂತಿದ್ದೆ. ಲಿಸ್ಟು ಬಂತು, ಹೆಸರು ಬರಲಿಲ್ಲ.

ಸಿಟ್ಟಿನಲ್ಲಿ ರಾಜೀನಾಮೆ ಮಾತ್ರ ಬಿಸಾಕಬೇಡ. ನಿನ್ನ ವೀಸಾದಲ್ಲಿ ಕೆಲಸ ಹೋದ ಮೇಲೆ ಅಲ್ಲಿ ಇರಲು ಹೆಚ್ಚೆಂದರೆ 60 ದಿನ. ಹೊಸ ಕೆಲಸ ಕೊಡುವವರು ನಿನ್ನ ವೀಸಾಕ್ಕೆ ಅರ್ಜಿ ಹಾಕಿದ್ದು ಖಚಿತವಾದ ಮೇಲೆ ಹೊರಡು. ಸಾಫ್ಟ್‌ವೇರ್ ಕಂಪನಿ ಹತ್ತಿರ ಎರಡು ಮೂರು ವಾರ ಸಮಯ ಕೇಳು. ಅಷ್ಟರೊಳಗೆ ಬೇರೆ ಕ್ಲಬ್ಬು ಸಿಗದಿದ್ದರೆ ಅಲ್ಲಿಗೇ ಸೇರು, ಅದರಲ್ಲಿ ಸೋಲು ಏನೂ ಇಲ್ಲ. ಸೀಸನ್ ಮುಗಿದ ಮೇಲೆ ಕ್ಲಬ್ಬುಗಳಲ್ಲಿ ಜನ ಅದಲುಬದಲಾಗುತ್ತಾರೆ, ಅದು ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಆ್ಯಂಗ್ ಕಥೆ ಅಲ್ಲಿಗೆ ಮುಗಿಯಲಿಲ್ಲ. 2023ರಲ್ಲಿ ಮಾರ್ಲಿನ್ಸ್ 84 ಪಂದ್ಯ ಗೆದ್ದು ಪ್ಲೇಆಫ್‌ಗೆ, ಅಂದರೆ ಕೊನೆಯ ನಾಕೌಟ್ ಹಂತಕ್ಕೆ, ಹೋಯಿತು. ಕೋವಿಡ್‌ನಿಂದ ಮೊಟಕಾದ 2020ರ ಸೀಸನ್ ಬಿಟ್ಟರೆ ಅಲ್ಲಿಗೆ ಹೋಗಿದ್ದು 20 ವರ್ಷಗಳಲ್ಲಿ ಅದೇ ಮೊದಲು. ಮಾಲೀಕರಿಗೆ ಆಗ ಅವರ ಮೇಲೆ ಇನ್ನೊಬ್ಬ ಮುಖ್ಯಸ್ಥರನ್ನು ತರುವ ಯೋಚನೆ ಬಂತು. ಕೇಳಿದ ಕಥೆ, ಅಲ್ವಾ? ಇನ್ನೊಂದು ವರ್ಷ ಇರಬಹುದಿತ್ತು, ಆಕೆ ಹೊರಟುಬಿಟ್ಟರು. 2025ರಲ್ಲಿ ಒಂದು ಹೊಸ ಸಾಫ್ಟ್‌ಬಾಲ್ ಲೀಗಿಗೆ ಕಮಿಷನರ್ ಆದರು.

ಅಮ್ಮನಿಗೆ ಫೋನಿನಲ್ಲಿ ವಿವರಿಸಲು ಹೋಗಬೇಡ. ಒಂದು ಬೇಸಿಗೆಗೆ ಕರೆಸಿಕೊಂಡು ಮೈದಾನದಲ್ಲಿ ಕೂರಿಸು. ಚಿನ್ನಿದಾಂಡು ಆಡಿದವರಿಗೆ ಬೇಸ್‌ಬಾಲ್ ಅರ್ಥವಾಗಲು ಎಷ್ಟು ಹೊತ್ತು ಬೇಕು? ಅಲ್ಲಿ ಹುರಿದ ಕಡಲೆಕಾಯಿ ಮಾರುತ್ತಾರೆ ಅಂತಲೂ ಹೇಳು.