ದೀರ್ಘಕಾಲದ ಕಾಯಿಲೆ ಇರುವವರು ಇಂಟರ್ನೆಟ್‌ನಲ್ಲಿ ಸಿಗುವ ಮಾಹಿತಿಯನ್ನು ಎಷ್ಟು ನಂಬಬಹುದು?

ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳು ಊದಿಕೊಂಡು ನೋಯುವ ದೀರ್ಘಕಾಲದ ಕಾಯಿಲೆ) ಇದೆ ಅಂತ ಈಗಷ್ಟೇ ಗೊತ್ತಾಗಿದೆ, ಡಾಕ್ಟರ್ ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದಾರೆ, ಇಂಟರ್ನೆಟ್‌ನಲ್ಲಿ ಅದರ ಬಗ್ಗೆ ಓದಿದ ಮೇಲೆ ಮಾತ್ರೆ ಮುಟ್ಟೋಕೇ ಭಯವಾಗುತ್ತಿದೆ, ಇದನ್ನೆಲ್ಲ ಎಷ್ಟು ನಂಬಬೇಕು ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ. ಇದೇ ಮಾತ್ರೆಯನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಆದರೆ ಈ ಬಗ್ಗೆ ತುಂಬ ಓದಿದ್ದೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

"ಒಂದೇ ವಾರದಲ್ಲಿ ಪೂರ್ತಿ ಗುಣ" ಅನ್ನುವಂಥ ಹಸಿ ಸುಳ್ಳನ್ನು ಗುರುತಿಸೋದು ಅಷ್ಟೇನೂ ಕಷ್ಟವಲ್ಲ. ನಮ್ಮಂಥವರಿಗೆ ಜಾಸ್ತಿ ತೊಂದರೆ ಕೊಡುವುದು ಇನ್ಯಾರಿಗೋ ಬರೆದ ನಿಜವನ್ನು ನಾವು ನಮಗೇ ಅಂತ ಓದಿಕೊಂಡಾಗ.

ನಿಮ್ಮ ಮಾತ್ರೆಯನ್ನೇ ನೋಡಿ. ಮೆಥೊಟ್ರೆಕ್ಸೇಟ್ ಕ್ಯಾನ್ಸರ್‌ಗೂ ಕೊಡುವ ಔಷಧಿ. ನಮ್ಮ ಕಾಯಿಲೆಗೆ ಕೊಡುವುದು ವಾರಕ್ಕೆ ಒಂದು ಸಲ, ಸಾಮಾನ್ಯವಾಗಿ 7.5ರಿಂದ 25 ಮಿಲಿಗ್ರಾಂ. ಕೆಲವು ಕ್ಯಾನ್ಸರ್‌ಗಳಿಗೆ ಇದನ್ನೇ ಗ್ರಾಂ ಲೆಕ್ಕದಲ್ಲಿ, ರಕ್ತನಾಳದ ಮೂಲಕ, ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕೊಡುತ್ತಾರೆ. ಸುಮ್ನೆ ಹೆಸರು ಹಾಕಿ ಹುಡುಕಿದರೆ ಎರಡರ ವಿವರವೂ ಕಲಸಿಕೊಂಡು ಬರುತ್ತದೆ. ನಿಮ್ಮನ್ನು ಹೆದರಿಸಿದ ಪುಟಗಳಲ್ಲಿ ಎಷ್ಟೋ ಆ ದೊಡ್ಡ ಡೋಸ್‌ನದೇ ಇರಬಹುದು. ಸಣ್ಣ ಡೋಸ್‌ನಲ್ಲಿ ಏನೂ ಆಗುವುದಿಲ್ಲ ಅಂತಲ್ಲ. ಹೊಟ್ಟೆ ತೊಳಸಬಹುದು, ಬಾಯಲ್ಲಿ ಹುಣ್ಣಾಗಬಹುದು, ಸುಸ್ತಾಗಬಹುದು. ಲಿವರ್ ಮತ್ತು ರಕ್ತಕಣಗಳ ಮೇಲೆ ಪರಿಣಾಮ ಆಗುವ ಸಾಧ್ಯತೆ ಇದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು, ಜೊತೆಗೆ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಕೊಡುವುದು. ಗರ್ಭಿಣಿಯರಂತೂ ಇದನ್ನು ತೆಗೆದುಕೊಳ್ಳುವಂತೆಯೇ ಇಲ್ಲ.

ಈ ಔಷಧಿಯ ಬಗ್ಗೆ ಯಾವ ಪುಟ ತೆರೆದರೂ ನಾನು ಮೊದಲು ಹುಡುಕುವುದು ಎರಡೇ ವಿಷಯ. ಯಾವ ಕಾಯಿಲೆಗೆ ಅಂತ ಬರೆದಿದ್ದಾರಾ? "ವಾರಕ್ಕೊಮ್ಮೆ" ಅಂತ ಸ್ಪಷ್ಟವಾಗಿ ಹೇಳಿದ್ದಾರಾ? ವಾರಕ್ಕೊಮ್ಮೆಯ ಬದಲು ದಿನಾ ನುಂಗಿ ಜೀವ ಕಳೆದುಕೊಂಡವರಿದ್ದಾರೆ. 2019ರಲ್ಲಿ ಯುರೋಪಿಯನ್ ಮೆಡಿಸಿನ್ಸ್ ಏಜೆನ್ಸಿ ಈ ಎಚ್ಚರಿಕೆಯನ್ನು ಪ್ಯಾಕ್ ಮೇಲೇ ಎದ್ದು ಕಾಣುವಂತೆ ಹಾಕಬೇಕು ಅಂತ ಹೇಳಿತು. ಅಷ್ಟು ಮುಖ್ಯವಾದ ಮಾತನ್ನೇ ಬಿಟ್ಟು ಡೋಸ್ ಬರೆಯುವ ಪುಟವನ್ನು ಅಲ್ಲೇ ಮುಚ್ಚಿಬಿಡಿ.

ಶುಗರ್ ಇರುವವರಿಗೂ ಇದೇ ಪಾಡು. 2017ರ ಕೊನೆಯಲ್ಲಿ ಬ್ರಿಟನ್‌ನಿಂದ ಡೈರೆಕ್ಟ್ ಅನ್ನುವ ಒಂದು ಒಳ್ಳೆಯ ಅಧ್ಯಯನ ಬಂತು. ಕಟ್ಟುನಿಟ್ಟಿನ ಆಹಾರಕ್ರಮದಿಂದ ತೂಕ ಇಳಿಸಿದ ಗುಂಪಿನಲ್ಲಿ 46% ಜನರ ಶುಗರ್ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆಯೇ ಹತೋಟಿಗೆ ಬಂದಿತ್ತು. ಆದರೆ ಅವರೆಲ್ಲ ಟೈಪ್ 2 ಇದ್ದವರು, ಕಾಯಿಲೆ ಪತ್ತೆಯಾಗಿ 6 ವರ್ಷ ದಾಟಿರಲಿಲ್ಲ, ಯಾರೂ ಇನ್ಸುಲಿನ್ ತೆಗೆದುಕೊಳ್ಳುತ್ತಿರಲಿಲ್ಲ. ಈ ವಿವರ ಬಿಟ್ಟು "ಶುಗರ್ ವಾಸಿಯಾಗುತ್ತದೆ" ಅಂತಷ್ಟೇ ಬರೆದರೆ ಏನಾಗುತ್ತದೆ ಯೋಚಿಸಿ. ಟೈಪ್ 1, ಅಂದರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದಂಥ ಶುಗರ್ ಇರುವ ಮಗುವಿನ ಅಪ್ಪ ಅಮ್ಮ ಅದನ್ನು ಓದಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಮಗುವಿನ ಜೀವಕ್ಕೇ ಅಪಾಯ. ಅಧ್ಯಯನದಲ್ಲಿ ತಪ್ಪಿರಲಿಲ್ಲ. ಅದು ಯಾರಿಗೆ ಅನ್ನುವುದು ದಾರಿಯಲ್ಲಿ ಬಿದ್ದುಹೋಯಿತು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನು ಬೇರೆ ರೋಗಿಗಳ ಅನುಭವ. ನಾನು ಅದನ್ನು ಓದುತ್ತೇನೆ, ಅದರಿಂದ ಧೈರ್ಯವೂ ಬರುತ್ತದೆ. ಆದರೆ ನಮ್ಮ ಕಾಯಿಲೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ನೋವು ತೀರಾ ಜಾಸ್ತಿಯಾದಾಗಲೇ ಅಲ್ವಾ ಜನ ಹೊಸದೇನಾದರೂ ಮಾಡಿ ನೋಡುವುದು? ಅಷ್ಟು ಏರಿದ ಮೇಲೆ ಎಷ್ಟೋ ಸಲ ಹೇಗೂ ಇಳಿಯುತ್ತದೆ. ಆ ಹೆಸರು ಆಗ ತೆಗೆದುಕೊಂಡ ಪುಡಿಗೋ ಎಣ್ಣೆಗೋ ಹೋಗುತ್ತದೆ. ಬರೆದವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಅವರಿಗೆ ಕಡಿಮೆಯಾಗಿರುತ್ತದೆ. ಹಾಗೆಯೇ ಮಾತ್ರೆ ಸರಿಹೋಗಿ ಆರಾಮಾಗಿ ಇರುವವರು ಬರೆಯಲು ಕೂರುವುದು ಕಡಿಮೆ.

ಪುಟದ ಗುಣಮಟ್ಟ ಅಳೆಯಲು ಬ್ರಿಟನ್‌ನಲ್ಲಿ 1990ರ ದಶಕದಲ್ಲಿ ಡಿಸರ್ನ್ ಅಂತ 16 ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಬರೆದವರು ಯಾರು, ಯಾವಾಗ ಬರೆದದ್ದು, ಆಧಾರ ಏನು ಅನ್ನುವುದನ್ನು ನೀವು ಹೇಗೂ ನೋಡುತ್ತೀರಿ. ಆ ಪಟ್ಟಿಯಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಪ್ರಶ್ನೆ ಬೇರೆ: ಚಿಕಿತ್ಸೆ ತೆಗೆದುಕೊಳ್ಳದಿದ್ದರೆ ಏನಾಗುತ್ತದೆ ಅಂತ ಈ ಪುಟ ಹೇಳುತ್ತದಾ? ನೀವು ಓದಿದ್ದನ್ನು ಇದೊಂದೇ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿ. ಮಾತ್ರೆಯ ಸೈಡ್ ಎಫೆಕ್ಟ್ ಉದ್ದಕ್ಕೆ ಬರೆದಿರುತ್ತಾರೆ. ಚಿಕಿತ್ಸೆ ಇಲ್ಲದೆ ಬಿಟ್ಟರೆ ಈ ಕಾಯಿಲೆ ಕೀಲುಗಳ ಮೂಳೆಯನ್ನೇ ಸವೆಸುತ್ತದೆ, ಹಾಗೆ ಹಾಳಾದದ್ದು ಮತ್ತೆ ಸರಿಯಾಗುವುದಿಲ್ಲ ಅನ್ನುವುದು ಅಲ್ಲಿ ಎಲ್ಲೂ ಇರುವುದಿಲ್ಲ. ಅರ್ಧ ತಕ್ಕಡಿ ತೋರಿಸಿ ತೂಕ ಹೇಳಿದ ಹಾಗೆ ಅದು.

ಪುಟದ ಕೆಳಗೆ "ಇದು ನಂಬಬಹುದಾದ ಪುಟ" ಅನ್ನುವ ಮುದ್ರೆ ಇದೆ ಅಂತಲೂ ನಂಬಬೇಡಿ. ಜಿನೀವಾದ ಹೆಲ್ತ್ ಆನ್ ದಿ ನೆಟ್ ಸಂಸ್ಥೆ 1996ರಿಂದ ಆರೋಗ್ಯದ ಪುಟಗಳಿಗೆ ಮುದ್ರೆ ಕೊಡುತ್ತಿತ್ತು. 2022ರಲ್ಲಿ ಆ ಕೆಲಸ ನಿಂತಿತು. ಇನ್ನೂ ಅದನ್ನು ಹಾಕಿಕೊಂಡ ಪುಟ ಸಿಕ್ಕರೆ ಅದನ್ನು ಈಗ ಯಾರೂ ಪರೀಕ್ಷಿಸುತ್ತಿಲ್ಲ ಅಂತಲೇ ಅರ್ಥ.

ಸೈಡ್ ಎಫೆಕ್ಟ್ ಬಗ್ಗೆ ಓದಲೇಬೇಕು ಅನ್ನಿಸಿದರೆ ಔಷಧಿಯ ಅಧಿಕೃತ ಮಾಹಿತಿ ಪತ್ರ ಓದಿ. ಯಾವುದು 10ರಲ್ಲಿ ಒಬ್ಬರಿಗೆ, ಯಾವುದು 1,000ದಲ್ಲಿ ಒಬ್ಬರಿಗೆ ಅಂತ ಅಲ್ಲಿ ಸಾಮಾನ್ಯವಾಗಿ ಬೇರೆ ಬೇರೆ ಹಾಕಿರುತ್ತಾರೆ. ನಿಮಗೆ ಭಯ ಹುಟ್ಟಿಸಿದ ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ, "ಇದು ನನ್ನ ಡೋಸ್‌ಗೂ ಅನ್ವಯಿಸುತ್ತದಾ?" ಅಂತ ಒಂದೊಂದಾಗಿ ಕೇಳಿ. ನಿಮಗೆ ಲಿವರ್, ಕಿಡ್ನಿ ತೊಂದರೆ ಇದ್ದರೆ, ಮದ್ಯಪಾನದ ಅಭ್ಯಾಸ ಇದ್ದರೆ ಮುಚ್ಚಿಡದೆ ಹೇಳಿ.

ಮಾತ್ರೆ ಶುರು ಮಾಡಿದ ಮೇಲೆ ಜ್ವರ, ಒಣಕೆಮ್ಮು, ಉಸಿರಾಟದ ತೊಂದರೆ ಅಥವಾ ಬಾಯಿ ತುಂಬ ಹುಣ್ಣು ಬಂದರೆ ಹುಡುಕುತ್ತಾ ಕೂರಬೇಡಿ, ತಕ್ಷಣ ಡಾಕ್ಟರ್‌ಗೆ ಫೋನ್ ಮಾಡಿ. ಬೇರೆ ಡಾಕ್ಟರ್ ಯಾವುದೇ ಆಂಟಿಬಯಾಟಿಕ್ ಬರೆದರೂ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆ ಅಂತ ಮೊದಲೇ ಹೇಳಿ. ಟ್ರೈಮೆಥೊಪ್ರಿಮ್ ಇರುವಂಥವು ಇದರ ಜೊತೆ ಅಪಾಯ.